ಆಟದ ರಾಜ್ಯ ಮತ್ತು ಬೀದಿಯ ಪ್ರಜೆ

ಅಧಿಕಾರ ಕೈಗೆ ಸಿಕ್ಕಿದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ನಮ್ಮಲ್ಲಿ ಎಲ್ಲರ ಬಳಿಯೂ ಉತ್ತರ ಸಿದ್ಧವಾಗಿರುತ್ತದೆ. ಟೀ ಅಂಗಡಿಯ ಬೆಂಚಿನ ಮೇಲೆ, ಬಸ್ ನಿಲ್ದಾಣದ ಕಟ್ಟೆಯಲ್ಲಿ, ಮದುವೆ ಊಟದ ಸಾಲಿನಲ್ಲಿ ದೇಶವನ್ನು ಐದು ನಿಮಿಷದಲ್ಲಿ ಸರಿಪಡಿಸುವವರಿಗೆ ಕೊರತೆಯಿಲ್ಲ. 'ಒಂದೇ ಒಂದು ದಿನ ನನ್ನ ಕೈಗೆ ಕೊಡಲಿ, ಆಮೇಲೆ ನೋಡಿ' ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ನಾವೂ ಹಾಗೆ ಹೇಳಿದವರೇ. ಆದರೆ ಕಳೆದ ಬೇಸಿಗೆಯಲ್ಲಿ ನಮಗೆ ಒಂದು ದಿನವಲ್ಲ, ಪೂರ್ತಿ ಒಂದು ತಿಂಗಳು ದೇಶವೊಂದು ಕೈಗೆ ಸಿಕ್ಕಿತು. ಅದು ಆಟದ ದೇಶ. ಆದರೂ ಆ ಒಂದು ತಿಂಗಳಲ್ಲಿ ನಮ್ಮ ಬಗ್ಗೆ ನಮಗೆ ತಿಳಿದದ್ದು ನಿಜವಾದದ್ದು. ಅದನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ನಮ್ಮ ವಾಸ ತುಮಕೂರಿನ ಸಮೀಪದ ಹಿರೇಹಳ್ಳಿಯಲ್ಲಿ. ಬೆಂಗಳೂರು ಹೆದ್ದಾರಿಯ ಪಕ್ಕದ ಊರು. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಹಲಸು, ಮಾವುಗಳ ಮೇಲೆ ಪ್ರಯೋಗ ನಡೆಸುವ ತೋಟಗಾರಿಕಾ ಸಂಶೋಧನಾ ಕೇಂದ್ರ. ರಜೆಗೆಂದು ಬಂದ ತಂಗಿಯ ಮಗ ಒಂದು ಮಧ್ಯಾಹ್ನ ಮೊಬೈಲ್ ಹಿಡಿದುಕೊಂಡು ತನ್ನಷ್ಟಕ್ಕೆ ನಗುತ್ತಿದ್ದ. ಏನೆಂದು ಕೇಳಿದೆವು. "ಮಾಮೂ, ನಮ್ಮ ದೇಶದಲ್ಲಿ ಮಂತ್ರಿಗಳೆಲ್ಲ ಮುಷ್ಕರ ಮಾಡ್ತಿದ್ದಾರೆ" ಎಂದ. ನಾವು ಗಾಬರಿಯಿಂದ ಟಿ.ವಿ. ಹಾಕಲು ಹೊರಟೆವು. ಅದು ಅವನ ಸ್ವಂತ ದೇಶವೆಂದು ಆಮೇಲೆ ಗೊತ್ತಾಯಿತು.

ಆ ಆಟದ ಹೆಸರು ನೇಷನ್‌ಸ್ಟೇಟ್ಸ್. ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ 2002ರ ನವೆಂಬರಿನಲ್ಲಿ ಇದನ್ನು ಶುರು ಮಾಡಿದರು. ಮುಂದಿನ ವರ್ಷ ಹೊರಬರಲಿದ್ದ ಅವರ 'ಜೆನ್ನಿಫರ್ ಗವರ್ನಮೆಂಟ್' ಎಂಬ ಕಾದಂಬರಿಗೆ ನಾಲ್ಕು ಜನರ ಗಮನ ಸೆಳೆಯುವುದು ಆಗಿನ ಉದ್ದೇಶ. ಸರಕಾರದ ಕೈ ಕಟ್ಟಿಹೋಗಿ ಕಂಪೆನಿಗಳೇ ಆಳುವ, ನೌಕರರು ತಮ್ಮ ಕಂಪೆನಿಯ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಳ್ಳುವ ಒಂದು ಲೋಕವನ್ನು ಆ ಕಾದಂಬರಿ ಚಿತ್ರಿಸುತ್ತದೆ. ಜಾಹೀರಾತಿಗೆಂದು ಹುಟ್ಟಿದ ಆಟ ಎರಡು ದಶಕ ದಾಟಿ ಇಂದಿಗೂ ನಡೆಯುತ್ತಿದೆ. ಹಣ ಕೊಡಬೇಕಿಲ್ಲ, ಗುಂಡು ಹಾರಿಸಬೇಕಿಲ್ಲ, ಯಾರನ್ನೂ ಅಟ್ಟಿಸಿಕೊಂಡು ಹೋಗಬೇಕಿಲ್ಲ. ಕೆಲವು ಪ್ರಶ್ನೆಗಳಿಗೆ ಉತ್ತರಿಸಿ ದೇಶ ಕಟ್ಟಿಕೊಂಡರೆ ಮುಗಿಯಿತು. ಪ್ರತಿದಿನ ಮಂತ್ರಾಲಯದ ಕಡತದಂತೆ ಒಂದೆರಡು ಸಮಸ್ಯೆಗಳು ಮೇಜಿಗೆ ಬರುತ್ತವೆ. ಮತದಾನ ಕಡ್ಡಾಯ ಮಾಡಬೇಕೆ? ಕಾಡಿನ ನಡುವೆ ಯುರೇನಿಯಂ ಸಿಕ್ಕಿದೆ, ಅಗೆಯಬೇಕೆ? ಪ್ರತಿಯೊಂದಕ್ಕೂ ಎರಡು ಮೂರು ಸಲಹೆಗಳು. ಒಂದೊಂದು ಸಲಹೆಯನ್ನೂ ಒಬ್ಬೊಬ್ಬ ವಿಚಿತ್ರ ವ್ಯಕ್ತಿ ಆವೇಶದಿಂದ ಹೇಳುತ್ತಾನೆ. ಎಲ್ಲದರಲ್ಲೂ ಒಂದಿಷ್ಟು ಸತ್ಯ, ಒಂದಿಷ್ಟು ಹುಚ್ಚು. ನೀವು ಒಂದನ್ನು ಒತ್ತಬೇಕು. ಅದು ಕಾನೂನಾಗುತ್ತದೆ. ನಿಮ್ಮ ದೇಶದ ವರ್ಣನೆಗೆ ವ್ಯಂಗ್ಯದ ಒಂದು ಸಾಲು ಸೇರಿಕೊಳ್ಳುತ್ತದೆ.

ಹುಡುಗನ ಒತ್ತಾಯಕ್ಕೆ ನಾವೂ ಒಂದು ದೇಶ ಸ್ಥಾಪಿಸಿದೆವು. ಹೆಸರು ಹಿರೇಹಳ್ಳಿ ಗಣರಾಜ್ಯ. ರಾಷ್ಟ್ರೀಯ ಪ್ರಾಣಿ ಯಾವುದೆಂದು ಆಟ ಕೇಳಿತು. ದೇವರಾಯನದುರ್ಗಕ್ಕೆ ಹೋದಾಗಲೆಲ್ಲ ನಮ್ಮ ಕೈಯಿಂದ ಬಾಳೆಹಣ್ಣು ಕಿತ್ತುಕೊಳ್ಳುವ ಕೋತಿಗೆ ಆ ಗೌರವ ಸಂದಿತು. ನಾಣ್ಯಕ್ಕೆ 'ಕೊಬ್ಬರಿ' ಎಂದು ಹೆಸರಿಟ್ಟೆವು. ತಿಪಟೂರಿನ ಮಾರುಕಟ್ಟೆಯ ದರ ಏರಿಳಿಯುವುದನ್ನು ನೋಡಿ ಬೆಳೆದವರಿಗೆ ಅದಕ್ಕಿಂತ ಒಳ್ಳೆಯ ಹೆಸರು ಹೊಳೆಯುವುದಿಲ್ಲ. ಧ್ಯೇಯವಾಕ್ಯ ಬೇಕೆಂದಾಗ ಹುಡುಗನೇ 'ನಾಳೆ ಬಾ' ಎಂದು ಬರೆದ. ಒಂದು ಕಾಲಕ್ಕೆ ನಮ್ಮ ಹಳ್ಳಿಗಳ ಬಾಗಿಲುಗಳ ಮೇಲೆ ದೆವ್ವಕ್ಕೆಂದು ಬರೆದಿದ್ದ ಮಾತು. ಇಂದಿಗೂ ಅನೇಕ ಕಚೇರಿಗಳಲ್ಲಿ ಬಾಗಿಲ ಮೇಲೆ ಬರೆಯದಿದ್ದರೂ ಬಾಯಲ್ಲಿ ಹೇಳುವ ಮಾತು. ಹೀಗೆ ನಗುನಗುತ್ತಲೇ ನಮ್ಮ ರಾಜ್ಯಭಾರ ಶುರುವಾಯಿತು.

ಸರಿಯಾದ ತೀರ್ಮಾನಗಳ ಮೊತ್ತ

ಮೊದಲ ವಾರ ನಾವು ತುಂಬಾ ಒಳ್ಳೆಯ ದೊರೆಗಳಾಗಿದ್ದೆವು. ಶಾಲೆಗೆ ಹಣ, ಆಸ್ಪತ್ರೆಗೆ ಹಣ. ರಸ್ತೆಯಲ್ಲಿ ಗಲಾಟೆಯಾಗುತ್ತಿದೆ ಎಂದು ದೂರು ಬಂದಾಗ ಒಂದಿಷ್ಟು ಹೆಚ್ಚು ಪೊಲೀಸರು. ಕೆಟ್ಟ ಪುಸ್ತಕಗಳಿಂದ ಮಕ್ಕಳು ಹಾಳಾಗುತ್ತಿದ್ದಾರೆ ಎಂದಾಗ ಒಂದಿಷ್ಟು ನಿಯಂತ್ರಣ. ಮುಷ್ಕರದಿಂದ ರೋಗಿಗಳಿಗೆ ತೊಂದರೆಯಾಯಿತು ಎಂದಾಗ ಮುಷ್ಕರಕ್ಕೆ ತಡೆ. ಒಂದೊಂದೂ ಆ ಕ್ಷಣಕ್ಕೆ ವಿವೇಕದ ತೀರ್ಮಾನವೇ. ಯಾವುದನ್ನೂ ನಾವು ಕೆಟ್ಟ ಉದ್ದೇಶದಿಂದ ಮಾಡಲಿಲ್ಲ. ಮೂರನೆಯ ವಾರ ನೋಡುತ್ತೇವೆ, ನಮ್ಮ ಗಣರಾಜ್ಯ ಸರ್ವಾಧಿಕಾರದ ಪಟ್ಟಿಗೆ ಸೇರಿಹೋಗಿದೆ! ಈ ಆಟ ದೇಶಗಳನ್ನು ನಾಗರಿಕ ಹಕ್ಕು, ಆರ್ಥಿಕತೆ, ರಾಜಕೀಯ ಸ್ವಾತಂತ್ರ್ಯ ಎಂಬ ಮೂರು ಅಳತೆಗಳಲ್ಲಿ ತೂಗಿ 27 ವರ್ಗಗಳಾಗಿ ವಿಂಗಡಿಸುತ್ತದೆ. ನಾವು ಬಿದ್ದ ವರ್ಗದ ಹೆಸರು ಕೇಳಿ ಹುಡುಗ ನೆಲದ ಮೇಲೆ ಹೊರಳಾಡಿ ನಕ್ಕ. "ಮಾಮೂ, ನಿಮ್ಮ ದೇಶದಲ್ಲಿ ನೀವೇ ಇರೋಕೆ ಆಗಲ್ಲ" ಎಂದ.

ಆ ಮಾತಿಗೆ ನಾವೂ ನಕ್ಕೆವು. ಆದರೆ ರಾತ್ರಿ ಮಲಗಿದಾಗ ಅದು ತಲೆಯಿಂದ ಹೋಗಲಿಲ್ಲ. ಪತ್ರಿಕೆಗಳನ್ನು ಓದುವವರು, ಸ್ವಾತಂತ್ರ್ಯದ ಪರವಾಗಿ ವಾದಿಸುವವರು, ತಮ್ಮ ಸಮುದಾಯದ ಹಕ್ಕಿನ ಮಾತು ಬಂದಾಗ ಸಂವಿಧಾನದ ವಿಧಿಗಳನ್ನು ಬಾಯಿಪಾಠ ಹೇಳುವವರು ನಾವು. ಯಾರೂ ನೋಡದ ಜಾಗದಲ್ಲಿ ಅಧಿಕಾರ ಸಿಕ್ಕಾಗ ಇಪ್ಪತ್ತು ದಿನಗಳಲ್ಲಿ ಬಾಯಿಗೆ ಬೀಗ ಹಾಕುವ ದೊರೆಗಳಾದೆವು. ದಬ್ಬಾಳಿಕೆ ಎಂದರೆ ಮೀಸೆ ತಿರುವಿಕೊಂಡು ಬರುವ ದುಷ್ಟನೊಬ್ಬನ ಕೆಲಸ ಎಂದು ನಾವು ನಂಬಿದ್ದೆವು. ಅದು ಸದುದ್ದೇಶದ ಸಣ್ಣ ಸಣ್ಣ ತೀರ್ಮಾನಗಳ ಮೊತ್ತವೂ ಆಗಿರಬಹುದು ಎಂಬುದು ಹೊಳೆದಿರಲಿಲ್ಲ. ಬಿಡಿಯಾಗಿ ನೋಡಿದರೆ ಪ್ರತಿ ಇಟ್ಟಿಗೆಯೂ ಇಟ್ಟಿಗೆಯೇ. ಕೂಡಿಸಿ ನೋಡಿದಾಗಲೇ ಅದು ಮನೆಯೋ ಸೆರೆಮನೆಯೋ ಎಂದು ತಿಳಿಯುವುದು.

ಹಾಗಾದರೆ ಆಟವು ನೀತಿ ಕಲಿಸುತ್ತದೆಯೆ? ಇದು ಹೊಸ ಪ್ರಶ್ನೆಯೇನಲ್ಲ.

ಹಳೆಯ ಪಟಗಳು

ನಮ್ಮ ಹಿರಿಯರು ಆಟವನ್ನು ಬರೀ ಆಟವೆಂದು ತಿಳಿದವರಲ್ಲ. ಹಾವು-ಏಣಿಯ ಪಟದಲ್ಲಿ ಏಣಿಗಳು ಸದ್ಗುಣಗಳಾಗಿದ್ದವು, ಹಾವುಗಳು ದುರ್ಗುಣಗಳಾಗಿದ್ದವು. ಮೇಲಿನ ತುದಿಯಲ್ಲಿ ಇದ್ದದ್ದು ಬಹುಮಾನವಲ್ಲ, ಮೋಕ್ಷ. ಅದನ್ನು ಪರಮಪದದ ಪಟವೆಂದು ಕರೆಯುತ್ತಿದ್ದರು. ಇಂಥದೇ ಪಟ ಸೂಫಿಗಳಲ್ಲೂ ಇತ್ತು. ಅದರ ಹೆಸರು ಶತ್ರಂಜುಲ್ ಆರಿಫೀನ್, ಅಂದರೆ ಜ್ಞಾನಿಗಳ ಚದುರಂಗ. ಹಳ್ಳಿಯ ದೇವಸ್ಥಾನದ ಕಲ್ಲುಹಾಸಿನ ಮೇಲೆ ಕೆತ್ತಿರುವ ಹುಲಿ-ಕುರಿ ಆಟದ ಗೆರೆಗಳನ್ನು ಇಂದಿಗೂ ನೋಡಬಹುದು. ಹುಲಿಗಳು ಕೆಲವೇ, ಕುರಿಗಳು ಅನೇಕ. ಒಂಟಿ ಕುರಿ ಹುಲಿಯ ಪಾಲು; ಕುರಿಗಳು ಒತ್ತೊತ್ತಾಗಿ ನಿಂತರೆ ಹುಲಿಗೆ ಹೆಜ್ಜೆ ಇಡಲು ಜಾಗವಿಲ್ಲ. ಪ್ರಜೆಗಳ ಕಡೆಯಿಂದ ರಾಜ್ಯವನ್ನು ನೋಡುವುದು ಹೇಗೆಂದು ಕಲಿಸಲು ಇದಕ್ಕಿಂತ ಸರಳವಾದ ಪಾಠ ಬೇಕಿಲ್ಲ.

ಕನ್ನಡ ನಾಡಿನಲ್ಲಿ ಆಟಕ್ಕೂ ಅಧಿಕಾರಕ್ಕೂ ಇರುವ ನಂಟಿನ ಬಹುದೊಡ್ಡ ಉದಾಹರಣೆ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಐದು ವರ್ಷದ ಬಾಲಕನನ್ನು ಬ್ರಿಟಿಷರು ಸಿಂಹಾಸನದ ಮೇಲೆ ಕೂರಿಸಿದರು. 1831ರಲ್ಲಿ ದುರಾಡಳಿತದ ಕಾರಣ ಹೇಳಿ ಆಡಳಿತವನ್ನು ಅವರೇ ಕಿತ್ತುಕೊಂಡರು. ಕಿರೀಟ ಉಳಿಯಿತು, ಅಧಿಕಾರ ಹೋಯಿತು. ರಾಜ್ಯವನ್ನು ಮರಳಿ ಪಡೆಯಲು ಅವರು 1868ರಲ್ಲಿ ತೀರಿಕೊಳ್ಳುವವರೆಗೂ ಪ್ರಯತ್ನಿಸುತ್ತಲೇ ಇದ್ದರು. ಅದು ಅವರ ಕಾಲದಲ್ಲಿ ಕೈಗೂಡಲಿಲ್ಲ. ಈ ನಡುವೆ ಅವರು ಮಾಡಿದ ಕೆಲಸಗಳಲ್ಲಿ ಆಟಗಳ ರಚನೆಯೂ ಒಂದು. ಗಂಜೀಫಾ ಎಲೆಗಳ ಹೊಸ ಹೊಸ ಕಟ್ಟುಗಳು, ಬಗೆಬಗೆಯ ಆಟದ ಪಟಗಳು, ಚದುರಂಗದ ಕುದುರೆಯೊಂದು ಯಾವ ಮನೆಯನ್ನೂ ಎರಡು ಸಲ ತುಳಿಯದೆ ಅರವತ್ತನಾಲ್ಕು ಮನೆಗಳನ್ನೂ ಸುತ್ತಿಬರುವ ಲೆಕ್ಕಾಚಾರ. ಟಿಪ್ಪುವಿನ ಕಾಲದಲ್ಲಿ ಯುದ್ಧದ ಕುದುರೆಗಳನ್ನು ಸಾಕಿದ ಕುಣಿಗಲ್‌ನ ಫಾರಂ ನಮ್ಮ ಜಿಲ್ಲೆಯದೇ. ನಿಜದ ಕುದುರೆಗಳನ್ನು ಓಡಿಸುವ ಅಧಿಕಾರ ಬೇರೆಯವರ ಕೈಗೆ ಹೋದಾಗ ಮೈಸೂರಿನ ದೊರೆ ಪಟದ ಮೇಲೆ ಕುದುರೆ ನಡೆಸಿದರು. ಇದರಲ್ಲಿ ಹಗುರವಾಗಿ ನಗುವಂಥದ್ದೇನೂ ಇಲ್ಲ. ಅಧಿಕಾರವಿಲ್ಲದ ಮನಸ್ಸಿಗೆ ಆಟ ಒಂದು ಆಸರೆ.

ನಮ್ಮ ಹುಡುಗರು ಮೊಬೈಲ್‌ನಲ್ಲಿ ದೇಶ ಆಳುವುದರ ಹಿಂದೆಯೂ ಇಂಥದೇ ಕಾರಣವಿರಬಹುದೆ? ಓಟಿನ ಚೀಟಿ ಇದೆ, ಆದರೆ ಕೆಲಸ ಸಿಗುವುದು ಅವರ ಕೈಯಲ್ಲಿಲ್ಲ. ಊರಿನ ರಸ್ತೆ, ನೀರು, ಬಸ್ಸಿನ ಸಮಯ ಯಾವುದರ ಬಗ್ಗೆಯೂ ಅವರನ್ನು ಯಾರೂ ಕೇಳುವುದಿಲ್ಲ. ಕೇಳದವರು ಎಲ್ಲೋ ಒಂದು ಕಡೆ ದೊರೆಗಳಾಗಲು ಬಯಸುತ್ತಾರೆ. ಹುಡುಗರನ್ನು 'ಹೊತ್ತು ಹಾಳು ಮಾಡುತ್ತೀರಿ' ಎಂದು ಗದರಿಸುವ ಮೊದಲು, ಅವರ ಹೊತ್ತಿಗೆ ನಾವು ಯಾವ ಕೆಲಸ ಕೊಟ್ಟಿದ್ದೇವೆ ಎಂದು ಯೋಚಿಸಬೇಕು.

ಇದಕ್ಕೆ ಎದುರಾದ ಕಥೆಯೂ ಇದೆ. ಪ್ರೇಮಚಂದರು 1924ರಲ್ಲಿ ಬರೆದ 'ಶತರಂಜ್ ಕೆ ಖಿಲಾಡಿ' ಕಥೆಯಲ್ಲಿ ಲಖನೌದ ಇಬ್ಬರು ಶ್ರೀಮಂತರು ಚದುರಂಗದಲ್ಲಿ ಮುಳುಗಿರುವಾಗ ಇತ್ತ ಅವಧ್ ರಾಜ್ಯ ಕಂಪೆನಿ ಸರಕಾರದ ವಶವಾಗುತ್ತದೆ. ಹಲಗೆಯ ಮೇಲಿನ ರಾಜನಿಗಾಗಿ ಕತ್ತಿ ಹಿರಿಯುವವರು ನಿಜದ ರಾಜನಿಗಾಗಿ ಒಂದು ಹನಿ ಕಣ್ಣೀರೂ ಹಾಕುವುದಿಲ್ಲ. ಸತ್ಯಜಿತ್ ರಾಯ್ 1977ರಲ್ಲಿ ಇದನ್ನು ಚಲನಚಿತ್ರ ಮಾಡಿದರು. ಮುಮ್ಮಡಿಯವರು ಅಧಿಕಾರ ಕಳೆದುಕೊಂಡ ಮೇಲೆ ಆಡಿದರು; ಲಖನೌದವರು ಆಡುತ್ತಲೇ ಕಳೆದುಕೊಂಡರು. ಆಟ ಒಂದೇ. ಆಡುವವರ ಬೆನ್ನ ಹಿಂದೆ ಏನಿದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ನಗುವಿನ ದಿಕ್ಕು

ನೇಷನ್‌ಸ್ಟೇಟ್ಸ್ ಆಟದ ಜೀವಾಳ ನಗೆ. ಈ ನಗೆ ಒಮ್ಮೆ ನಿಜದ ಲೋಕವನ್ನೂ ತಟ್ಟಿತು. ಆಟದೊಳಗೆ ದೇಶಗಳೆಲ್ಲ ಸೇರಿ ನಿರ್ಣಯ ಮಾಡುವ ಒಂದು ಸಭೆಯಿದೆ. ಮೊದಲು ಅದಕ್ಕೆ ವಿಶ್ವಸಂಸ್ಥೆಯ ಹೆಸರನ್ನೇ ಇಟ್ಟಿದ್ದರು. 2008ರಲ್ಲಿ ನಿಜವಾದ ವಿಶ್ವಸಂಸ್ಥೆಯಿಂದ ಆಕ್ಷೇಪಣೆಯ ಪತ್ರ ಬಂತು. ಆಟದವರು ಹೆಸರು ಬದಲಾಯಿಸಿ ವಿಶ್ವ ಸಭೆ ಎಂದು ಕರೆದರು. ಇರಾಕಿನ ಮೇಲಿನ ಯುದ್ಧವನ್ನು ತಡೆಯಲಾಗದ ಸಂಸ್ಥೆ ಆಟದ ಸಭೆಯೊಂದರ ಹೆಸರನ್ನಾದರೂ ತಡೆಯಿತಲ್ಲ ಎಂದು ಯಾರಾದರೂ ನಕ್ಕಿದ್ದರೆ ತಪ್ಪೆನ್ನಲಾಗದು.

ರಾಜಕೀಯದ ನಗೆ ಕನ್ನಡಕ್ಕೆ ಹೊಸದಲ್ಲ. ಡಾ. ಎಂ. ಶಿವರಾಂ, ಅಂದರೆ ರಾ.ಶಿ.ಯವರು 1942ರಲ್ಲಿ ಆರಂಭಿಸಿದ 'ಕೊರವಂಜಿ' 1967ರವರೆಗೆ ಕನ್ನಡಿಗರನ್ನು ನಗಿಸಿತು. ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದರು. ನಮ್ಮ ಪಕ್ಕದ ಗುಬ್ಬಿಯ ವೀರಣ್ಣನವರು ರಾಜರ ಕಥೆಗಳು ತುಂಬಿದ ನಾಟಕಗಳ ನಡುವೆ ಹಾಸ್ಯಪಾತ್ರಗಳಿಂದಲೇ ಮನೆಮಾತಾದರು. ದೆಹಲಿಯಲ್ಲಿ ಶಂಕರ್ ಅವರ ವ್ಯಂಗ್ಯಚಿತ್ರ ವಾರಪತ್ರಿಕೆ 1975ರಲ್ಲಿ, ತುರ್ತು ಪರಿಸ್ಥಿತಿ ಘೋಷಣೆಯಾದ ಕೆಲವೇ ವಾರಗಳಲ್ಲಿ ನಿಂತುಹೋಯಿತು. ಎಲ್ಲಿ ನಗಲು ಅಂಜಬೇಕಾಗುತ್ತದೋ ಅಲ್ಲಿ ಬೇರೆಲ್ಲದಕ್ಕೂ ಅಂಜಬೇಕಾಗುತ್ತದೆ.

ಆದರೆ ಆ ನಗುವಿಗೂ ಆಟದ ನಗುವಿಗೂ ಒಂದು ವ್ಯತ್ಯಾಸವಿದೆ. ಕೊರವಂಜಿಯ ಓದುಗ ಕೆಳಗೆ ನಿಂತು ಮೇಲಿದ್ದವರನ್ನು ನೋಡಿ ನಗುತ್ತಿದ್ದ. ಲಕ್ಷ್ಮಣ್ ಅವರ ಚೌಕಳಿ ಕೋಟಿನ ಸಾಮಾನ್ಯ ಮನುಷ್ಯ ಒಂದು ಮಾತೂ ಆಡದೆ ಅಧಿಕಾರವನ್ನು ನೋಡುತ್ತಿದ್ದ. ಆಟದಲ್ಲಿ ನಾವೇ ಸಿಂಹಾಸನದ ಮೇಲಿದ್ದೇವೆ. ನಮ್ಮ ಕಾನೂನಿನಿಂದ ಪ್ರಜೆಗಳು ಪಡುವ ಪಾಡನ್ನು ಓದಿ ನಗುತ್ತೇವೆ. ಬುಡದಿಂದ ತುದಿಯ ಕಡೆಗೆ ಹೋಗುವ ನಗೆ ಒಂದು ಬಗೆಯ ನ್ಯಾಯ. ತುದಿಯಿಂದ ಬುಡದ ಕಡೆಗೆ ಬೀಳುವ ನಗೆ ಬೇರೆಯೇ. ಆಟ ಕಟ್ಟಿದವರ ಉದ್ದೇಶ ಪ್ರಜೆಗಳನ್ನು ಹೀಯಾಳಿಸುವುದಲ್ಲ. ದೊರೆಯ ಮೂರ್ಖತನವನ್ನು ದೊರೆಗೇ ತೋರಿಸುವುದು ಅವರ ಜಾಣ್ಮೆ. ಚೆನ್ನಾಗಿ ಆಡಿದರೆ ಆ ನಗೆ ಆಡುವವರ ಕಡೆಗೇ ತಿರುಗುತ್ತದೆ. ನಮ್ಮ ಕಡೆಗೆ ಅದು ತಿರುಗಲು ಮೂರು ವಾರ ಹಿಡಿಯಿತು ಎಂಬುದಷ್ಟೇ ನಮ್ಮ ತಕರಾರು. ತಿರುಗದೇ ಉಳಿಯುವವರೂ ಇರಬಹುದಲ್ಲವೆ?

ಮುಖವಿಲ್ಲದ ಪ್ರಜೆ

ಆಟದ ಇನ್ನೊಂದು ಗುಣವನ್ನು ಗಮನಿಸಬೇಕು. ಅಲ್ಲಿ ಜನಸಂಖ್ಯೆ ಐವತ್ತು ಲಕ್ಷದ ಸುಮಾರಿನಿಂದ ಶುರುವಾಗಿ ದಿನೇದಿನೇ ತನ್ನಷ್ಟಕ್ಕೆ ಏರುತ್ತದೆ. ಪ್ರಜೆಗಳು ಒಂದು ಸಂಖ್ಯೆ. ಆ ಸಂಖ್ಯೆಯಲ್ಲಿ ಯಾರ ಮನೆಯ ಒಲೆ ಇಂದು ಉರಿಯಲಿಲ್ಲ ಎಂಬುದು ಕಾಣುವುದಿಲ್ಲ. ಗಿರೀಶ್ ಕಾರ್ನಾಡರ 'ತುಘಲಕ್' ನಾಟಕದ ಸುಲ್ತಾನ ಚದುರಂಗದ ಪ್ರವೀಣ. ಅವನ ಕನಸುಗಳು ದೊಡ್ಡವು, ಲೆಕ್ಕ ಖಚಿತ. ಇತಿಹಾಸದ ತುಘಲಕ್ 1327ರ ಹೊತ್ತಿಗೆ ದೆಹಲಿಯಿಂದ ದೌಲತಾಬಾದಿಗೆ ರಾಜಧಾನಿಯನ್ನು ಸಾಗಿಸಿದ. ನಕ್ಷೆಯ ಮೇಲೆ ಅದು ಒಂದು ನಡೆ. ನಡೆದವರ ಕಾಲಿಗೆ ಅದು ನೂರಾರು ಮೈಲಿ. ಆ ಸುಲ್ತಾನನಿಗೆ ಬುದ್ಧಿ ಕಡಿಮೆಯಿರಲಿಲ್ಲ. ಕಾಯಿಗೂ ಮನುಷ್ಯನಿಗೂ ಇರುವ ಅಂತರ ಅವನಿಗೆ ಸಾಕಷ್ಟು ಕಾಣಲಿಲ್ಲ.

ಇದಕ್ಕೆ ಹೋಲಿಸಿ ನೋಡಬೇಕಾದದ್ದು ಖಲೀಫ ಉಮರ್(ರ)ರ ರಾತ್ರಿ ಸಂಚಾರದ ಪ್ರಸಿದ್ಧ ಪ್ರಸಂಗ. ಮದೀನಾದ ಹೊರಗೆ ತಾಯಿಯೊಬ್ಬಳು ಹಸಿದ ಮಕ್ಕಳನ್ನು ಸಮಾಧಾನ ಮಾಡಲು ಬರೀ ನೀರಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಕುದಿಸುತ್ತಿದ್ದಳು. ಎದುರಿಗಿರುವವರು ಯಾರೆಂದು ತಿಳಿಯದೆ ಅವಳು ಉಮರ್‌ರನ್ನೇ ದೂರಿದಳು. ನಮ್ಮನ್ನು ಆಳುವವನಿಗೆ ನಮ್ಮ ಸ್ಥಿತಿ ಗೊತ್ತಿರಬೇಡವೆ ಎಂಬುದು ಆ ದೂರಿನ ತಿರುಳು. ಉಮರ್ ಬೈತುಲ್‌ಮಾಲ್‌ಗೆ ಹೋಗಿ ಹಿಟ್ಟಿನ ಮೂಟೆಯನ್ನು ಸ್ವತಃ ಬೆನ್ನ ಮೇಲೆ ಹೊತ್ತು ತಂದರು. ಸೇವಕ ಹೊರಲು ಬಂದರೂ ಬಿಡಲಿಲ್ಲ. ಮಾರುವೇಷದಲ್ಲಿ ಊರು ಸುತ್ತುವ ಅರಸರ ಕಥೆಗಳು ನಮ್ಮ ಜನಪದದಲ್ಲೂ ಬೇಕಾದಷ್ಟಿವೆ. ಇವೆಲ್ಲ ಹೇಳುವುದು ಒಂದೇ ಮಾತು: ಅಧಿಕಾರಕ್ಕೆ ಪ್ರಜೆಯ ಮುಖ ತಾನಾಗಿ ಕಾಣುವುದಿಲ್ಲ. ಹುಡುಕಿಕೊಂಡು ಹೋಗಬೇಕು, ಕತ್ತಲಲ್ಲಿ ನಡೆಯಬೇಕು, ಬೆನ್ನ ಮೇಲೆ ಹೊರಬೇಕು.

ಒಂದು ದಿನ ನಾವು ಹುಡುಗನಿಗೆ ನಿಜದ ಸಮಸ್ಯೆಯೊಂದನ್ನು ಕೊಟ್ಟೆವು. ಗೊರೂರಿನ ಹೇಮಾವತಿ ಅಣೆಕಟ್ಟೆಯಿಂದ ಕಾಲುವೆಯಲ್ಲಿ ನಮ್ಮ ಜಿಲ್ಲೆಗೆ ನೀರು ಬರುತ್ತದೆ. ಗುಬ್ಬಿಯ ಕೆರೆಗಳಿಗೆ ಅದೇ ನೀರು, ತುಮಕೂರಿನ ಕುಡಿಯುವ ನೀರಿಗೆ ಬುಗುಡನಹಳ್ಳಿ ಕೆರೆ ತುಂಬುವುದೂ ಅದರಿಂದಲೇ. ಕುಣಿಗಲ್ ಕಾಲುವೆಯ ಕೊನೆಯಲ್ಲಿದೆ. ನಮ್ಮ ಪಾಲಿನ ನೀರು ನಮ್ಮವರೆಗೆ ಮುಟ್ಟುವುದೇ ಇಲ್ಲ ಎಂಬುದು ಅಲ್ಲಿಯವರ ಬಹುಕಾಲದ ಕೊರಗು. ಅದಕ್ಕೆ ಪರಿಹಾರವೆಂದು ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆ ಬಂತು. ಹಾಗೆ ನೇರವಾಗಿ ನೀರು ಒಯ್ದರೆ ನಮ್ಮ ಕೆರೆಗಳು ಒಣಗುತ್ತವೆ ಎಂದು ಗುಬ್ಬಿ, ತುಮಕೂರು ಕಡೆಯ ರೈತರು 2024 ಮತ್ತು 2025ರಲ್ಲಿ ಬೀದಿಗಿಳಿದರು. ಎರಡೂ ಕಡೆ ಇರುವುದು ಬಾಯಾರಿಕೆಯೇ. "ನೀನು ದೊರೆ. ಏನು ಮಾಡುತ್ತೀ?" ಎಂದು ಕೇಳಿದೆವು.

ಹುಡುಗ ಬಹಳ ಹೊತ್ತು ಯೋಚಿಸಿದ. ಕೊನೆಗೆ, "ಮಾಮೂ, ಆಟದಲ್ಲಾದರೆ ಬೇಡದ ಸಮಸ್ಯೆಯನ್ನು ತಳ್ಳಿಹಾಕೋದಕ್ಕೂ ಒಂದು ಬಟನ್ ಇದೆ" ಎಂದ. ನಾವಿಬ್ಬರೂ ನಕ್ಕೆವು. ಆ ಬಟನ್ ನಮ್ಮ ಕಚೇರಿಗಳಲ್ಲೂ ಇದೆ ಎಂದು ಹೇಳಿದೆವು. ಆಮೇಲೆ ಅವನು ಕೇಳಿದ ಪ್ರಶ್ನೆಗಳು ಮಾತ್ರ ನಮಗೆ ಸಂತೋಷ ಕೊಟ್ಟವು. ಯಾವ ಕೆರೆಗೆ ಎಷ್ಟು ನೀರು ಬರುತ್ತದೆ? ನಡುವೆ ಎಷ್ಟು ಸೋರುತ್ತದೆ? ಕಾಲುವೆಯನ್ನು ಅಗಲ ಮಾಡಿದರೆ ಇಬ್ಬರಿಗೂ ಸಾಲದೆ? ಕುಣಿಗಲ್‌ನವರೂ ಗುಬ್ಬಿಯವರೂ ಒಟ್ಟಿಗೆ ಕುಳಿತು ಮಾತಾಡಿದ್ದಾರೆಯೆ? ಉತ್ತರ ನಮ್ಮಲ್ಲಿರಲಿಲ್ಲ. ಆದರೆ ಎಲ್ಲ ಆಯ್ಕೆಗೂ ಬೆಲೆಯಿದೆ, ಆ ಬೆಲೆಯನ್ನು ಯಾರೋ ತೆರುತ್ತಾರೆ ಎಂಬುದನ್ನು ಆ ಹುಡುಗ ಪಠ್ಯಪುಸ್ತಕದಿಂದ ಕಲಿತಿರಲಿಲ್ಲ. ಈ ಆಟದಿಂದ ಕಲಿತಿದ್ದ. ಅದೇ ರೀತಿ ಕಾಡಿನ ಯುರೇನಿಯಂ ಪ್ರಶ್ನೆ ಬಂದಾಗ ನಾವು ಅವನಿಗೆ ಚಿಕ್ಕನಾಯಕನಹಳ್ಳಿ ಕಡೆಯ ಕಬ್ಬಿಣದ ಅದಿರಿನ ಕಥೆ ಹೇಳಿದೆವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಬೆನ್ನಿಗೇ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಗಣಿಗಾರಿಕೆಯನ್ನು ನಿಲ್ಲಿಸಿತು. ಗುಡ್ಡ ಉಸಿರಾಡಿತು. ಲಾರಿಯನ್ನೇ ನಂಬಿದ್ದವರ ಮನೆಯಲ್ಲಿ ಕಂತು ಕಟ್ಟುವ ಚಿಂತೆ ಹುಟ್ಟಿತು. ಎರಡೂ ನಿಜ.

ಆದ್ದರಿಂದ ಇಂಥ ಆಟವನ್ನು ಸಾರಾಸಗಟಾಗಿ ಬೈಯುವವರ ಜತೆ ನಾವು ಸೇರುವುದಿಲ್ಲ. ಅದು ನಮಗೆ ಕನ್ನಡಿ ಹಿಡಿಯಿತು, ಹುಡುಗನಿಗೆ ಪ್ರಶ್ನೆ ಕೊಟ್ಟಿತು. ನಮ್ಮ ಅಳುಕು ಬೇರೆ ಕಡೆಯಿದೆ. ಅದನ್ನು ಹೇಳಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು.

ಹಲಸಿನ ತೊಳೆಯ ಗಾಡಿ

ನಮ್ಮ ಬೀದಿಯಲ್ಲಿ ನಿವಾಸಿಗಳ ಸಮಿತಿಯೊಂದಿದೆ. ನಾವೂ ಅದರಲ್ಲಿದ್ದೇವೆ. ಬೀದಿಯ ತಿರುವಿನಲ್ಲಿ ನಾಲ್ಕೈದು ತಳ್ಳುಗಾಡಿಗಳು ನಿಲ್ಲುತ್ತಿದ್ದವು. ಕಾರ್ಖಾನೆಯ ಪಾಳಿ ಬಿಟ್ಟಾಗ ಅಲ್ಲಿ ಗುಂಪು ಸೇರುತ್ತಿತ್ತು. ಸ್ಕೂಟರ್ ತಿರುಗಿಸಲು ಜಾಗವಿಲ್ಲ, ಸಿಪ್ಪೆ ಚರಂಡಿಗೆ ಬೀಳುತ್ತದೆ, ಶಾಲೆಗೆ ಹೋಗುವ ಮಕ್ಕಳಿಗೆ ತೊಂದರೆ ಎಂದು ದೂರುಗಳಿದ್ದವು. ದೂರುಗಳು ಸುಳ್ಳಾಗಿರಲಿಲ್ಲ. ನಾವು ದೇಶ ಆಳುತ್ತಿದ್ದ ತಿಂಗಳಲ್ಲೇ ಸಮಿತಿಯ ಸಭೆ ಸೇರಿತು. ಮೂರು ಸಲಹೆಗಳು ಬಂದವು: ಹೀಗೇ ಬಿಡುವುದು, ಸಮಯ ಗೊತ್ತುಮಾಡುವುದು, ತೆರವು ಮಾಡಿಸುವುದು. ಸಭೆ ಇಪ್ಪತ್ತು ನಿಮಿಷ ನಡೆಯಿತು. ಕೈ ಎತ್ತಿದೆವು. ತೆರವು ಎಂದಾಯಿತು. ಟೀ ಕುಡಿದು ಮನೆಗೆ ಬಂದೆವು. ನಿಜ ಹೇಳಬೇಕೆಂದರೆ ಆ ದಿನ ಆಟದ ಸಮಸ್ಯೆಯ ಮೇಲೆ ನಾವು ಇದಕ್ಕಿಂತ ಹೆಚ್ಚು ಹೊತ್ತು ಯೋಚಿಸಿದ್ದೆವು.

ಆ ಗಾಡಿಗಳಲ್ಲಿ ಒಂದು ವಯಸ್ಸಾದ ಹೆಂಗಸಿನದು. ಬೇಸಿಗೆಯಲ್ಲಿ ಹಲಸಿನ ತೊಳೆ, ಉಳಿದ ಕಾಲದಲ್ಲಿ ಬೇಯಿಸಿದ ಕಡಲೆಕಾಯಿ. ನಮ್ಮ ಮನೆಯ ಮಕ್ಕಳೆಲ್ಲ ಅವಳ ಗಾಡಿಯ ಹಲಸು ತಿಂದೇ ಬೆಳೆದವರು. ವಾರದ ನಂತರ ಅವಳು ನಮ್ಮ ಬಾಗಿಲಿಗೆ ಬಂದಳು. ಜಗಳ ಮಾಡಲಿಲ್ಲ, ಅಳಲೂ ಇಲ್ಲ. "ಸಾಹೇಬ್ರೇ, ತೀರ್ಮಾನ ಮಾಡೋವಾಗ ನನ್ನನ್ನೂ ಒಂದ್ ಮಾತು ಕೇಳ್ಬೇಕಿತ್ತಲ್ವಾ? ಬೇಡ ಅಂದಿದ್ರೆ ನಾನೇ ಬೇರೆ ಕಡೆ ನೋಡ್ಕೋತಿದ್ದೆ" ಎಂದಳು. ಅಷ್ಟೇ. ಉಮರ್‌ರ ಪ್ರಸಂಗವನ್ನು ಎಷ್ಟೋ ಸಭೆಗಳಲ್ಲಿ ಕೇಳಿದವರು, ಹೇಳಿದವರು ನಾವು. ಮದೀನಾದ ಆ ತಾಯಿಯ ದೂರು ನಮ್ಮ ಮನೆಯ ಮೆಟ್ಟಿಲ ಮೇಲೆ ಬಂದು ನಿಂತಾಗ ನಮಗೆ ಉತ್ತರ ಹೊಳೆಯಲಿಲ್ಲ.

ನಗರಗಳ ಬೀದಿ ವ್ಯಾಪಾರಿಗಳಿಗೆಂದು 2014ರಲ್ಲಿ ಒಂದು ಕಾನೂನು ಬಂದಿದೆ. ವ್ಯಾಪಾರದ ಜಾಗವನ್ನು ನಿರ್ಧರಿಸುವ ಪಟ್ಟಣ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಾಗದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು ಎಂದು ಅದು ಹೇಳುತ್ತದೆ. ಅದು ಎಷ್ಟರಮಟ್ಟಿಗೆ ಜಾರಿಯಾಗಿದೆ ಎಂಬುದು ಬೇರೆ ಮಾತು. ಆದರೆ ಆ ನಿಯಮದ ಹಿಂದಿನ ವಿವೇಕ ನಮಗೆ ಆಗ ಅರ್ಥವಾಯಿತು. ಯಾರ ಬದುಕಿನ ಬಗ್ಗೆ ತೀರ್ಮಾನವೋ ಅವರು ಆ ಕೋಣೆಯಲ್ಲಿ ಇರಬೇಕು. ಅವರು ಇದ್ದರೆ ಅದೇ ತೀರ್ಮಾನ ಬರಬಹುದು, ಬೇರೆಯೂ ಬರಬಹುದು. ಆದರೆ ಇಪ್ಪತ್ತು ನಿಮಿಷದಲ್ಲಿ ಬರುವುದಿಲ್ಲ.

ನಾವು ಸಮಿತಿಯಲ್ಲಿ ವಿಷಯವನ್ನು ಮತ್ತೆ ಎತ್ತಿದೆವು. ಎರಡು ಸಭೆಗಳಾದವು. ಈ ಸಲ ಗಾಡಿಯವರನ್ನೂ ಕರೆದೆವು. ಗೋಡೆಯ ಪಕ್ಕಕ್ಕೆ ಮೂರು ಗಾಡಿ, ಸಂಜೆ ಹೊತ್ತು ಮಾತ್ರ, ಸಿಪ್ಪೆಗೆ ಒಂದು ಡ್ರಮ್ಮು ಎಂದು ಒಪ್ಪಂದವಾಯಿತು. ಮೊದಲೇ ಕರೆದಿದ್ದರೆ ಮೊದಲೇ ಆಗುತ್ತಿತ್ತು. ಇಬ್ಬರು ಮರಳಿ ಬಂದರು. ಆ ಹೆಂಗಸು ಬರಲಿಲ್ಲ. ಹೆದ್ದಾರಿಯ ಪಕ್ಕದಲ್ಲಿ ಕೆಲವು ದಿನ ಗಾಡಿ ನಿಲ್ಲಿಸಿ, ಲಾರಿಗಳ ರಭಸಕ್ಕೆ ಹೆದರಿ, ಗಾಡಿ ಮಾರಿ ಕುಣಿಗಲ್ ಕಡೆ ಮಗಳ ಮನೆಗೆ ಹೋದಳೆಂದು ತಿಳಿಯಿತು.

ನೇಷನ್‌ಸ್ಟೇಟ್ಸ್‌ನಲ್ಲಿ ಒಂದು ನಿಯಮವಿದೆ. ಇಪ್ಪತ್ತೆಂಟು ದಿನ ದೊರೆ ಆ ಕಡೆ ತಲೆ ಹಾಕದಿದ್ದರೆ ದೇಶ ಅಳಿದುಹೋಗುತ್ತದೆ. ಬೇಕೆಂದಾಗ ಮತ್ತೆ ಬಂದು ಎಬ್ಬಿಸಿದರೆ ಕೋತಿ, ಕೊಬ್ಬರಿಗಳ ಸಮೇತ ಎದ್ದು ಬರುತ್ತದೆ. ಹುಡುಗ ಊರಿಗೆ ಹೋದ ಮೇಲೆ ನಮ್ಮ ಹಿರೇಹಳ್ಳಿ ಗಣರಾಜ್ಯ ಹಾಗೆಯೇ ಅಳಿಯಿತು. ಅದರ ಬಗ್ಗೆ ನಮಗೆ ದುಃಖವಿಲ್ಲ. ಅಲ್ಲಿ ಯಾರೂ ಹಸಿದಿರಲಿಲ್ಲ. ಬೀದಿಯ ತಿರುವಿನಲ್ಲಿ ಖಾಲಿಯಾದ ಮೂರನೆಯ ಗಾಡಿಯ ಜಾಗವನ್ನು ಮಾತ್ರ ಯಾವ ಬಟನ್ ಒತ್ತಿದರೂ ತುಂಬಲಾಗುವುದಿಲ್ಲ.

ಆಟವಾಡುವುದು ತಪ್ಪಲ್ಲ. ಆಟದಲ್ಲಿ ದೊರೆಯಾಗುವುದೂ ತಪ್ಪಲ್ಲ. ಬದುಕಿನಲ್ಲಿ ನಮ್ಮ ಕೈಗೆ ಬರುವ ಅಂಗೈಯಗಲದ ಅಧಿಕಾರವನ್ನು ಆಟದಂತೆ ನಡೆಸುವುದು ತಪ್ಪು. ಆ ಅಧಿಕಾರ ಮಂತ್ರಿಗಳಿಗೆ ಮಾತ್ರ ಇರುವುದಲ್ಲ. ಬೀದಿಯ ಸಮಿತಿಯಲ್ಲಿ, ಶಾಲೆಯ ಆಡಳಿತದಲ್ಲಿ, ಮಸೀದಿಯ ಜಮಾಅತ್‌ನಲ್ಲಿ, ಸಂಘದ ಬ್ಯಾಂಕಿನಲ್ಲಿ, ಮನೆಯ ಊಟದ ಸುಪ್ರದಲ್ಲಿ ಅದು ನಮ್ಮೆಲ್ಲರ ಬಳಿ ಇದೆ. ಕೈ ಎತ್ತುವ ಮೊದಲು ಕೋಣೆಯ ಸುತ್ತ ಒಮ್ಮೆ ನೋಡೋಣ. ಯಾರ ಬಗ್ಗೆ ಮಾತಾಡುತ್ತಿದ್ದೇವೋ ಅವರು ಅಲ್ಲಿ ಇದ್ದಾರೆಯೆ? ಇಲ್ಲವಾದರೆ ಅಂದಿನ ಮಟ್ಟಿಗೆ ನಮ್ಮ ಗಣರಾಜ್ಯದ ಆ ಹಳೆಯ ಧ್ಯೇಯವಾಕ್ಯವೇ ವಾಸಿ. ಅದನ್ನು ಪ್ರಜೆಗಲ್ಲ, ನಮ್ಮ ತೀರ್ಮಾನಕ್ಕೆ ಹೇಳಬೇಕು: ನಾಳೆ ಬಾ.